ಮಗ್ಗದ ಮನೆಯವಳು ಕೇಳಿದ ಕಟ್ ಕಾಪಿ

(ಬೆಳಗಾವಿಯ ಸಂಗೀತಪ್ರಿಯ ಗೆಳೆಯರ ತಿಂಗಳ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹಾಡು ಕೇಳಿಸಿದ ಕಡೆಗಳಲ್ಲಿ ಅದನ್ನು ಮಾತಿನಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಈ ಕೂಟದಲ್ಲಿ ಖಯಾಲ್ ಬಗ್ಗೆ, ರಂಗಗೀತೆಗಳ ಬಗ್ಗೆ, ವಚನ ಗಾಯನದ ಬಗ್ಗೆ ಹಿರಿಯರು ಮಾತಾಡಿದ್ದನ್ನು ಕೇಳಿದ್ದೇನೆ. ಇವತ್ತು ನಾನು ಆಸ್ಟ್ರೇಲಿಯಾದ ಮೆಲ್ಬರ್ನ್ ಊರಿನ ಒಂದು ತಂಡದ ಬಗ್ಗೆ ಹೇಳಬೇಕೆಂದಿದ್ದೇನೆ. ತಂಡದ ಹೆಸರು ಕಟ್ ಕಾಪಿ. ಕಂಪ್ಯೂಟರಿನಲ್ಲಿ ಟೈಪು ಮಾಡುವ ಎಲ್ಲರಿಗೂ ಗೊತ್ತಿರುವ ಎರಡು ಶಬ್ದ. ಗಿಟಾರು, ಡ್ರಮ್ಮು ಹಿಡಿದು ವೇದಿಕೆ ಹತ್ತುವ ರಾಕ್ ತಂಡ ಅದು. ಆದರೆ ಅವರ ಹಾಡು ಕೇಳಿದವರ ಕಾಲು ನಿಲ್ಲುವುದಿಲ್ಲ. ಹಾಡಿನ ತುಂಬ 1980ರ ಆಸುಪಾಸಿನ ಸಿಂಥಸೈಜರುಗಳ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯಗಳ ನಾದ. ಇಂಥ ಸಂಗೀತಕ್ಕೆ ಇಂಡಿ ಡ್ಯಾನ್ಸ್ ರಾಕ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಈ ಹಾಡು ನನಗೆ ಯಾಕೆ ಅಷ್ಟು ಹತ್ತಿರವಾಯಿತು ಅನ್ನುವುದನ್ನು ಹೇಳಬೇಕಾದರೆ ನಾನು ಮೆಲ್ಬರ್ನ್ ಬಿಟ್ಟು ಬನಹಟ್ಟಿಯಿಂದಲೇ ಶುರು ಮಾಡಬೇಕು.

ನಾನು ಹುಟ್ಟಿ ಬೆಳೆದದ್ದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ. ಅಪ್ಪನವು ನಾಲ್ಕು ಪಾವರ್‌ಲೂಮ್ ಮಗ್ಗ. ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದಿನ ಖೋಲಿಯಲ್ಲಿ ನಾವು. ನಡುವೆ ಒಂದು ಗೋಡೆ. ಆ ಗೋಡೆಗೆ ಬೆನ್ನು ಹಚ್ಚಿ ಕೂತು ನಾನು ಮಗ್ಗಿ ಕಲಿತೆ, ಅಭ್ಯಾಸ ಮಾಡಿದೆ, ಅವ್ವನ ಜೋಡಿ ಕಂಡಿಕೆ ಸುತ್ತಿದೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುವ ಸದ್ದು, ಹಣಿಗೆ ಬಂದು ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಬಡಿಯುವ ಸದ್ದು, ನಿಮಿಷಕ್ಕೆ ನೂರಕ್ಕೂ ಮೇಲೆ. ನಾಲ್ಕು ಮಗ್ಗ ಒಂದೇ ವೇಗದಲ್ಲಿ ಎಂದೂ ಓಡುವುದಿಲ್ಲ. ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ನಾಲ್ಕೂ ಒಮ್ಮೆ ಕೂಡುತ್ತವೆ, ಮತ್ತೆ ಬಿಚ್ಚಿಕೊಳ್ಳುತ್ತವೆ. ಓಣಿಯ ತುಂಬ ಮನೆ, ಮನೆಯ ತುಂಬ ಮಗ್ಗ. ಹೊರಗಿನಿಂದ ಬಂದ ಬೀಗರು ರಾತ್ರಿ ನಿದ್ದೆ ಬರದೆ ಹೊರಳಾಡುತ್ತಿದ್ದರು. ನಮಗೆ ಕರೆಂಟ್ ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು.

ಅಪ್ಪ ಮಗ್ಗದ ಕಡೆ ನೋಡದೆಯೂ ಎಳೆ ಹರಿದದ್ದನ್ನು ಹೇಳುತ್ತಿದ್ದ. ಊಟಕ್ಕೆ ಕೂತಿರುತ್ತಿದ್ದ, ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲುತ್ತಿತ್ತು. "ಮೂರನೇದ್ದು ಬ್ಯಾರೆ ದನಿ ಮಾಡಾಕತ್ತೈತಿ ನೋಡು" ಅನ್ನುತ್ತಿದ್ದ. ಹೋಗಿ ನೋಡಿದರೆ ಖರೇನೇ ಏನಾದರೂ ಆಗಿರುತ್ತಿತ್ತು. ಒಂದೇ ಸಮನೆ ಬಡಿಯುವ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಿವಿಗೆ ಗೊತ್ತಾಗುತ್ತದೆ. ಸದ್ದು ಬದಲಾಗದೆ ಇರುವುದರಿಂದಲೇ ಬದಲಾದದ್ದು ಕೇಳಿಸುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2012ರಲ್ಲಿ ಕಲಿಯಲು ಬೆಳಗಾವಿಗೆ ಬಂದೆ. ಹಾಸ್ಟೆಲ್ಲಿನ ಮೊದಲ ತಿಂಗಳು ನನಗೆ ರಾತ್ರಿ ನಿದ್ದೆಯೇ ಇಲ್ಲ. ಅಲ್ಲಿಯ ನಿಶ್ಶಬ್ದಕ್ಕೆ ಹೆದರಿಕೆಯಾಗುತ್ತಿತ್ತು. ಖಡೇಬಜಾರದ ಕಡೆ ಮೊಬೈಲ್ ಅಂಗಡಿಗಳಲ್ಲಿ ಆಗ ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದರು, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹಳೇ ಕನ್ನಡ, ಭಜನಾ, ಮರಾಠಿ ಲಾವಣಿ, ಡಿಜೆ, ಹೀಗೆ ಫೋಲ್ಡರುಗಳು. ನಾನು ಅಣ್ಣಾವ್ರ ಹಾಡು ಕೇಳಿದ್ದೆ. ಕಾರ್ಡಿನಲ್ಲಿ ಜಾಗ ಉಳಿದಿತ್ತೆಂದು ಅಂಗಡಿಯವನು ಇಂಗ್ಲಿಷ್ ಮಿಕ್ಸ್ ಅನ್ನುವ ಫೋಲ್ಡರನ್ನೂ ಹಾಕಿಬಿಟ್ಟ. ಅದರಲ್ಲಿ 30 ಹಾಡು. ಒಂದರ ಹೆಸರು 'ನೀಡ್ ಯು ನೌ'. ಹಾಡಿದವರು ಯಾರು, ಯಾವ ಆಲ್ಬಂ, ಏನೂ ಇರಲಿಲ್ಲ.

(ಇಲ್ಲಿ ಹಾಡಿನ ಮೊದಲ ಎರಡು ನಿಮಿಷ ಕೇಳಿಸಿದೆ.)

ಕೇಳಿದಿರಲ್ಲ. ಮೊದಲು ಒಂದು ಮಿಡಿತ. ಅವಸರವಿಲ್ಲ. ಅದರ ಮೇಲೆ ಮೆಲ್ಲಗೆ ಒಬ್ಬ ಗಂಡಸಿನ ದನಿ, ತಗ್ಗಿನಲ್ಲಿ, ಪಕ್ಕದಲ್ಲಿ ಕೂತು ತನಗೆ ತಾನೇ ಹೇಳಿಕೊಂಡಂತೆ. ಒಂದೊಂದೇ ಎಳೆ ಬಂದು ಸೇರುತ್ತದೆ. ಆರು ನಿಮಿಷದ ಹಾಡು ಅದು. ನೀನು ಈಗ ಬೇಕು ಅನ್ನುವ ಒಂದೇ ಮಾತಿಗಾಗಿ ಅಷ್ಟು ದೂರ ನಡೆಸಿಕೊಂಡು ಹೋಗುತ್ತಾರೆ. ಕೊನೆಗೆ ಬರುವಷ್ಟರಲ್ಲಿ ಅದೇ ಮಿಡಿತದ ಮೇಲೆ ಇಡೀ ಆಕಾಶ ತೆರೆದಂತಾಗುತ್ತದೆ. ಇಂಗ್ಲಿಷು ನನಗೆ ಆಗ ಅರ್ಧಂಬರ್ಧ. ಆದರೆ ಆ ಮಿಡಿತ ನನಗೆ ಗೊತ್ತಿತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂತೆ. ಅವತ್ತು ರಾತ್ರಿ ನಿದ್ದೆ ಬಂತು.

ಅದು ಯಾರ ಹಾಡು ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಅದೇ ಹೆಸರಿನ ಇನ್ನೊಂದು ಹಾಡು ಅಮೆರಿಕದ, ಆಗ ಲೇಡಿ ಆಂಟೆಬೆಲಮ್ ಅನ್ನುವ ಹೆಸರಿದ್ದ ಕಂಟ್ರಿ ತಂಡದ್ದು. 2011ರ ಗ್ರ್ಯಾಮಿಯಲ್ಲಿ ವರ್ಷದ ಹಾಡು ಎನಿಸಿಕೊಂಡದ್ದು. ಸೈಬರ್ ಕೆಫೆಯಲ್ಲಿ ಕೂತು ಎಷ್ಟು ಸಲ ಹುಡುಕಿದರೂ ಬರುತ್ತಿದ್ದದ್ದು ಅದೇ. ಕೊನೆಗೆ ಗೆಳತಿಯೊಬ್ಬಳ ಫೋನಿನಲ್ಲಿ ಹಾಡು ಕೇಳಿಸಿದರೆ ಹೆಸರು ಹೇಳುವ ಆ್ಯಪು ಸಿಕ್ಕಿತು. ಹಾಸ್ಟೆಲ್ ಕಟ್ಟೆಯ ಮೇಲೆ ಒಂದು ಫೋನಿಗೆ ಇನ್ನೊಂದು ಫೋನು ಹಾಡು ಹೇಳಿತು. ಪರದೆಯ ಮೇಲೆ ಮೂಡಿತು: ಕಟ್ ಕಾಪಿ, ಆಲ್ಬಂ ಜೋನೋಸ್ಕೋಪ್, 2011.

ಹೆಸರಿನ ಜೊತೆಗೆ ಆಲ್ಬಮಿನ ಮುಖಪುಟವೂ ಬಂತು. ನಾನು ಅದನ್ನು ನೋಡುತ್ತ ಕೂತುಬಿಟ್ಟೆ. ನ್ಯೂಯಾರ್ಕಿನ ಎತ್ತರದ ಕಟ್ಟಡಗಳ ನಡುವೆ ದೊಡ್ಡ ಜಲಪಾತವೊಂದು ಧುಮುಕುತ್ತಿದೆ. ಜಪಾನಿನ ತ್ಸುನೆಹಿಸಾ ಕಿಮುರಾ ಅವರು ಫೋಟೋಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಚಿತ್ರ ಅದು. ನನಗೆ ಥಟ್ಟನೆ ನೆನಪಾದದ್ದು ಗೋಕಾಕ ಫಾಲ್ಸ್. ಆಷಾಢ-ಶ್ರಾವಣದಲ್ಲಿ ಘಟಪ್ರಭೆ 170 ಅಡಿ ಕೆಳಗೆ ಬೀಳುವಾಗ ಅದರ ಪಕ್ಕದಲ್ಲೇ ನಿಂತಿರುವ ನೂಲಿನ ಗಿರಣಿಯನ್ನು ನೀವೆಲ್ಲ ನೋಡಿದ್ದೀರಿ. 1887ರಿಂದ ಅಲ್ಲಿ ನೀರಿನ ಬಲದಿಂದ ನೂಲು ತೆಗೆದರು. ಎಷ್ಟೋ ಮನೆತನಗಳು ಆ ಗಿರಣಿಯ ಸದ್ದಿನಲ್ಲಿ ಬಾಳಿದವು. ನೀರಿನ ಅಬ್ಬರ, ಯಂತ್ರದ ಮಿಡಿತ, ಎರಡೂ ಒಂದೇ ಕಡೆ. ಜೋನೋಸ್ಕೋಪ್ ಕೇಳುವಾಗ ನನಗೆ ಈಗಲೂ ಕಣ್ಣ ಮುಂದೆ ಬರುವುದು ಅದೇ. ಅದರ ಕೊನೆಯ ಹಾಡು 'ಸನ್ ಗಾಡ್' ಹದಿನೈದು ನಿಮಿಷ ಓಡುತ್ತದೆ. ಅದನ್ನು ಮಳೆಗಾಲದಲ್ಲಿ ಗೋಕಾಕದ ತೂಗು ಸೇತುವೆಯ ಹತ್ತಿರ ನಿಂತು ಕೇಳಬೇಕು.

ತಂಡದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. 2001ರಲ್ಲಿ ಡ್ಯಾನ್ ವಿಟ್‌ಫರ್ಡ್ ಅನ್ನುವವರು ಒಬ್ಬರೇ ಮನೆಯಲ್ಲಿ ಕೂತು ಶುರು ಮಾಡಿದ್ದು. ಅವರು ಗ್ರಾಫಿಕ್ ಡಿಸೈನರ್, ಜೊತೆಗೆ ಡಿಜೆ. ಟಿಮ್ ಹೋಯಿ, ಮಿಚೆಲ್ ಸ್ಕಾಟ್ ಬಂದು ಸೇರಿದ ಮೇಲೆ ತಂಡವಾಯಿತು. ಮುಂದೆ ಬೆನ್ ಬ್ರೌನಿಂಗ್ ಬಂದರು. ಮೊದಮೊದಲು ಬಾಸ್ ನುಡಿಸುತ್ತಿದ್ದ ಬೆನೆಟ್ ಫಾಡಿ ತಂಡ ಬಿಟ್ಟು ಓದಿಗೆ ಹೋದರು. ನಾಲ್ಕೇ ಕೀಲಿ ಒತ್ತಿ ಓಟಗಾರನ ತೊಡೆ, ಮೀನಖಂಡಗಳನ್ನು ಬೇರೆ ಬೇರೆಯಾಗಿ ಕದಲಿಸಬೇಕಾದ ಕಂಪ್ಯೂಟರ್ ಆಟವೊಂದನ್ನು 2008ರಲ್ಲಿ ಮಾಡಿ ಮುಂದೆ ಜಗತ್ತಿಗೆಲ್ಲ ಪರಿಚಯವಾದರು. ಅದೇ 2008ರಲ್ಲಿ ತಂಡದ ಎರಡನೆಯ ಆಲ್ಬಂ 'ಇನ್ ಘೋಸ್ಟ್ ಕಲರ್ಸ್' ಬಂದು ಆಸ್ಟ್ರೇಲಿಯಾದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಏರಿತು. ಅದನ್ನು ನ್ಯೂಯಾರ್ಕಿನಲ್ಲಿ ಸಂಗೀತ ನಿರ್ಮಾಪಕ ಟಿಮ್ ಗೋಲ್ಡ್ಸ್‌ವರ್ದಿ ಜೊತೆ ಕೂತು ಮಾಡಿದ್ದರು. ಹೊಸಬರು ಶುರು ಮಾಡುವುದಾದರೆ ಅಲ್ಲಿಂದ ಶುರು ಮಾಡಿ ಎಂದು ನಾನು ಹೇಳುತ್ತೇನೆ. ಹದಿನೈದು ಹಾಡು, ಅವುಗಳಲ್ಲಿ ಹಲವು ಒಂದು ನಿಮಿಷದ ಆಸುಪಾಸಿನ ಸಣ್ಣ ತುಣುಕುಗಳು. ದೊಡ್ಡ ಹಾಡುಗಳ ನಡುವೆ ಅವು ಸೆರಗಿಗೂ ಮೈಗೂ ನಡುವಿನ ಕೂಡಿಕೆಯ ಹಾಗೆ ಕೂತಿವೆ. ಇಳಕಲ್ಲ ಸೀರೆ ನೇಯುವವರಿಗೆ ಆ ಕೂಡಿಕೆ ಎಂದರೆ ಏನೆಂದು ಗೊತ್ತು. ಸೆರಗಿನ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಒಂದೊಂದು ಎಳೆಯನ್ನೂ ಮೈಯ ಹಾಸಿನ ಎಳೆಗೆ ಕೊಂಡಿ ಹಾಕಿ ಸೇರಿಸಬೇಕು. ನೋಡುವವರಿಗೆ ಕಾಣುವುದು ಸೆರಗಿನ ಬಣ್ಣ. ಸೀರೆ ಹಿಡಿದು ನಿಂತಿರುವುದು ಆ ಕೊಂಡಿಯ ಮೇಲೆ. ಈ ಆಲ್ಬಮನ್ನು ಒಂದೊಂದೇ ಹಾಡಾಗಿ ಕಿತ್ತು ಕೇಳಬೇಡಿ.

ಈಗ ಹಿಂದಕ್ಕೆ ಹೋಗೋಣ. ಕಟ್ ಕಾಪಿಯ ಸದ್ದಿಗೆ ಹಳೆಯ ಬೇರುಗಳಿವೆ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ ಇದೆ, 1977ರಲ್ಲಿ ಜಾರ್ಜಿಯೋ ಮೊರೊಡರ್ ಅವರು ಡೊನಾ ಸಮರ್ ಅವರ ಕಂಠಕ್ಕೆ ಹೆಚ್ಚುಕಡಿಮೆ ಪೂರ್ತಿ ಸಿಂಥಸೈಜರನ್ನೇ ಜೊತೆ ಕೊಟ್ಟು ಮಾಡಿದ ಡಿಸ್ಕೋ ಇದೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನ್ಯೂ ಆರ್ಡರ್ ಅನ್ನುವ ತಂಡ ಇದೆ. ಅದು ಇಂಗ್ಲೆಂಡಿನ ಮ್ಯಾಂಚೆಸ್ಟರಿನದು.

ಮ್ಯಾಂಚೆಸ್ಟರ್ ಅಂದ ಕೂಡಲೇ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಎದೆಯಲ್ಲಿ ಏನೋ ಆಗುತ್ತದೆ. ಅಲ್ಲಿಯ ಗಿರಣಿಗಳ ಅಗ್ಗದ ಬಟ್ಟೆ ಬಂದು ಇಲ್ಲಿಯ ಕೈಮಗ್ಗಗಳ ಹೊಟ್ಟೆಗೆ ಬಡಿದ ಕತೆ ನಮಗೆ ಗೊತ್ತು. ನಮ್ಮ ಪಾವರ್‌ಲೂಮಿನ ವಂಶವೂ ಅಲ್ಲಿಯದೇ. 1842ರಲ್ಲಿ ಆ ಸೀಮೆಯ ಬ್ಲ್ಯಾಕ್‌ಬರ್ನ್ ಊರಲ್ಲಿ ಮಾಡಿದ ಲ್ಯಾಂಕಶೈರ್ ಮಗ್ಗದ ಮರಿಮೊಮ್ಮಕ್ಕಳು ಬನಹಟ್ಟಿಯ ಮಗ್ಗಗಳು. ಮ್ಯಾಂಚೆಸ್ಟರಿನ ಗಿರಣಿಗಳು ಮುಚ್ಚಿ, ಖಾಲಿ ಗೋಡೌನುಗಳು ಉಳಿದ ಕಾಲದಲ್ಲಿ ಅಲ್ಲಿಯ ಹುಡುಗರು ಕಟ್ಟಿದ ತಂಡ ಜಾಯ್ ಡಿವಿಜನ್. ಅದರ ಹಾಡುಗಾರ ಇಯನ್ ಕರ್ಟಿಸ್ 1980ರ ಮೇ 18ರಂದು ತನ್ನ ಜೀವ ತಾನೇ ತೆಗೆದುಕೊಂಡ. ವಯಸ್ಸು ಇಪ್ಪತ್ತಮೂರು. ಉಳಿದ ಮೂವರು ಹೆಸರು ಬದಲಿಸಿಕೊಂಡು ನ್ಯೂ ಆರ್ಡರ್ ಆದರು. ಡ್ರಮ್ಮರ್ ಸ್ಟೀಫನ್ ಮಾರಿಸ್ ಅವರ ಗೆಳತಿ ಗಿಲಿಯನ್ ಗಿಲ್ಬರ್ಟ್ ಕೀಬೋರ್ಡಿಗೆ ಬಂದು ಕೂತರು. ಇಯನ್, ಸ್ಟೀಫನ್, ಗಿಲಿಯನ್ ಮೂವರೂ ಬೆಳೆದದ್ದು ಮ್ಯಾಕಲ್ಸ್‌ಫೀಲ್ಡ್ ಊರಲ್ಲಿ. ಅದು ರೇಷ್ಮೆ ನೇಯ್ಗೆಗೆ ಹೆಸರಾಗಿದ್ದ ಊರು. ಅಲ್ಲಿಯ ಫುಟ್ಬಾಲ್ ತಂಡಕ್ಕೂ ಜನ ಕೊಟ್ಟ ಅಡ್ಡಹೆಸರು ರೇಷ್ಮೆಯವರು ಎಂದು.

1983ರ ಮಾರ್ಚಿನಲ್ಲಿ ನ್ಯೂ ಆರ್ಡರ್ 'ಬ್ಲೂ ಮಂಡೇ' ಹಾಡು ತಂದಿತು. ಏಳೂವರೆ ನಿಮಿಷ. ನಿಮಿಷಕ್ಕೆ 130 ಮಾತ್ರೆ. ಡ್ರಮ್ಮು ಯಂತ್ರದ್ದು. ಬರ್ನಾರ್ಡ್ ಸಮ್ನರ್ ಬಿಡಿಭಾಗಗಳ ಕಿಟ್ ತರಿಸಿ ತನ್ನ ಕೈಯಾರೆ ಜೋಡಿಸಿದ ಸೀಕ್ವೆನ್ಸರ್. ಸೀಕ್ವೆನ್ಸರ್ ಎಂದರೆ ಯಾವ ಸ್ವರ ಯಾವ ಗಳಿಗೆಗೆ ಬರಬೇಕೆಂದು ಮೊದಲೇ ಬರೆದಿಟ್ಟರೆ ತಪ್ಪದೆ ನುಡಿಸುವ ಪೆಟ್ಟಿಗೆ. ಅದಕ್ಕೆ ಸ್ವರಗಳನ್ನು ತುಂಬಿಸುವ ಕೆಲಸ ಗಿಲಿಯನ್ ಗಿಲ್ಬರ್ಟ್ ಅವರದು. ಆಕೆ ಕಾಗದದ ಹಾಳೆಗಳನ್ನು ಒಂದಕ್ಕೊಂದು ಟೇಪು ಹಚ್ಚಿ, ಸ್ಟುಡಿಯೋದ ಉದ್ದಕ್ಕೂ ಹಾಸಿ, ಒಂದೊಂದು ಸ್ವರವನ್ನೂ ಬರೆದಿಟ್ಟುಕೊಂಡಿದ್ದರಂತೆ. ನೋಡಲು ದೊಡ್ಡದೊಂದು ಹೆಣಿಗೆಯ ನಕ್ಷೆಯ ಹಾಗೆ ಇತ್ತು ಎಂದು ಆಕೆಯೇ ಹೇಳಿಕೊಂಡಿದ್ದಾರೆ.

ಇದನ್ನು ಓದಿದ ದಿನ ನಾನು ಎದ್ದು ಕೋಣೆಯಲ್ಲಿ ಅಡ್ಡಾಡಿದೆ. ಯಾಕೆಂದರೆ ಆ ಹಾಳೆಗಳನ್ನು ನಾನು ನೋಡಿದ್ದೇನೆ. ನಮ್ಮ ಊರಲ್ಲಿ ಸೀರೆಯ ಅಂಚಿನ ಡಿಸೈನು ಮೊದಲು ಮೂಡುವುದು ಚೌಕಳಿ ಕಾಗದದ ಮೇಲೆ. ಒಂದೊಂದು ಚೌಕ ಒಂದೊಂದು ಎಳೆ. ತುಂಬಿದ ಚೌಕಕ್ಕೆ ಎಳೆ ಏಳಬೇಕು, ಖಾಲಿ ಚೌಕಕ್ಕೆ ಏಳಬಾರದು. ಅದನ್ನು ನೋಡಿಕೊಂಡು ಜಕಾರ್ಡಿನ ರಟ್ಟಿಗೆ ತೂತು ಹೊಡೆಯುತ್ತಾರೆ. ರಟ್ಟುಗಳನ್ನು ಸಾಲಾಗಿ ಹೊಲಿದು ಮಗ್ಗದ ಮೇಲೆ ಮಾಲೆ ಹಾಕುತ್ತಾರೆ. ರಟ್ಟು ಒಂದೊಂದಾಗಿ ತಿರುಗಿದಂತೆ ಕೆಳಗೆ ಹೂವು, ಬಳ್ಳಿ, ನವಿಲು ಮೂಡುತ್ತವೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ಪೂರ್ಣ ರೂಪಕ್ಕೆ ತಂದ ಈ ಉಪಾಯವೇ ಮುಂದೆ ಲೆಕ್ಕದ ಯಂತ್ರಗಳಿಗೂ ತೂತಿನ ರಟ್ಟು ಕೊಟ್ಟಿತು. ರೇಷ್ಮೆಯ ಊರಿನ ಹೆಣ್ಣುಮಗಳು ಹಾಡನ್ನೂ ಹಾಗೆಯೇ ನೆಯ್ದಳು. ಇದರಲ್ಲಿ ನಾನು ಏನನ್ನೂ ಎಳೆದು ಕೂಡಿಸುತ್ತಿಲ್ಲ. ಅಂದಿನ ಡ್ರಮ್ ಯಂತ್ರಗಳಲ್ಲಿ ಹೆಸರುವಾಸಿಯಾದ ರೋಲ್ಯಾಂಡ್ 808ರ ಮುಖದ ಮೇಲೆ ಹದಿನಾರು ಗುಂಡಿಗಳ ಒಂದು ಸಾಲಿದೆ. ಒತ್ತಿದ ಗುಂಡಿಗೆ ಪೆಟ್ಟು ಬೀಳುತ್ತದೆ, ಒತ್ತದ್ದಕ್ಕೆ ಇಲ್ಲ. ರಟ್ಟಿನ ತೂತು ಬಲ್ಲವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. 'ಬ್ಲೂ ಮಂಡೇ' ಗ್ರಾಮಫೋನ್ ತಟ್ಟೆಯ ಲಕೋಟೆಯನ್ನು ಪೀಟರ್ ಸ್ಯಾವಿಲ್ ಮಾಡಿದ್ದು ಕಂಪ್ಯೂಟರ್ ಫ್ಲಾಪಿಯ ರೂಪದಲ್ಲಿ. ಅದಕ್ಕೂ ತೂತುಗಳಿದ್ದವು.

ಇನ್ನೊಂದು ಸಂಗತಿ. ಹಾಗೆ ಬರೆದಿಡುವಾಗ ಗಿಲಿಯನ್ ಒಂದು ಸ್ವರ ಬಿಟ್ಟುಬಿಟ್ಟರು. ಅದರಿಂದ ಇಡೀ ಸ್ವರಮಾಲೆ ತಾಳಕ್ಕಿಂತ ಕೊಂಚ ಸರಿದು ಕೂತಿತು. ಅದನ್ನು ತಿದ್ದಲಿಲ್ಲ. ಇವತ್ತಿಗೂ ಆ ಹಾಡು ಹಾಗೆಯೇ ಇದೆ, ಬ್ರಿಟನ್ನಿನಲ್ಲಿ ಹನ್ನೆರಡು ಇಂಚಿನ ತಟ್ಟೆಗಳಲ್ಲಿ ಅದರಷ್ಟು ಮಾರಾಟವಾದದ್ದು ಇನ್ನೊಂದಿಲ್ಲ. ನಮ್ಮಲ್ಲಿ ರಟ್ಟಿಗೆ ಒಂದು ತೂತು ಕಡಿಮೆ ಬಿದ್ದರೆ ಅಂಚಿನ ಪ್ರತಿ ಹೂವಿನಲ್ಲೂ ಒಂದು ಎಳೆ ಕಾಣೆಯಾಗುತ್ತದೆ, ಸಾವಕಾರ ಅದನ್ನು ತೋರಿಸಿ ಮಜೂರಿ ಕಡಿಯುತ್ತಾನೆ. ಹಾಡಿನಲ್ಲಿ ಅದೇ ತಪ್ಪು ಜೀವವಾಗಿ ಉಳಿದುಕೊಂಡಿತು. ಆ ಸರಿದ ಸ್ವರಮಾಲೆಯನ್ನು ಈಗ ಒಮ್ಮೆ ಕಿವಿಗೊಟ್ಟು ಕೇಳಿ. ಡ್ರಮ್ಮು ಒಂದು ಕಡೆ, ಅದು ಇನ್ನೊಂದು ಕಡೆ. ನಮ್ಮ ಮನೆಯ ಒಂದನೇ ಮಗ್ಗ ಮತ್ತು ಮೂರನೇ ಮಗ್ಗ.

(ಇಲ್ಲಿ ಹಿರಿಯರೊಬ್ಬರು ನಡುವೆಯೇ ಕೇಳಿದರು: "ತಂಗೀ, ಯಂತ್ರ ಬಾರಿಸಿದ್ದಕ್ಕ ಸಂಗೀತ ಅನ್ನಬಹುದೇನವಾ?")

ಕಾಕಾ, ನೀವು ಕೇಳಿದ್ದು ಒಳ್ಳೆಯದಾಯಿತು. ಈ ಪ್ರಶ್ನೆಯನ್ನು ಬೆಳಗಾವಿಯಲ್ಲಿ ಕೇಳಿದ್ದು ಇನ್ನೂ ಒಳ್ಳೆಯದಾಯಿತು. ಪಂಡಿತ ರಾಮಭಾವು ಬಿಜಾಪುರೆ ಮಾಸ್ತರರ ಹಾರ್ಮೋನಿಯಂ ಕೇಳಿದವರು ಈ ಸಭೆಯಲ್ಲಿ ಇರಬಹುದು. 1917ರಲ್ಲಿ ಹುಟ್ಟಿ 2010ರವರೆಗೆ ಬಾಳಿದ ಅವರ ಬೆರಳಲ್ಲಿ ಆ ಪೆಟ್ಟಿಗೆ ಹಾಡುತ್ತಿತ್ತು. ಆದರೆ ಅದೇ ಪೆಟ್ಟಿಗೆಯನ್ನು 1940ರಲ್ಲಿ ಆಕಾಶವಾಣಿ ಹೊರಗಿಟ್ಟಿತು. ಅದು ಪರದೇಶದ್ದು, ಅದರ ಸ್ವರಗಳು ಮೊದಲೇ ಕಟ್ಟಿಹಾಕಿದವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಸೂಕ್ಷ್ಮ ಇಲ್ಲ ಎಂದು. ಆ ಬಾಗಿಲು ಸ್ವಲ್ಪವಾದರೂ ತೆರೆಯಲು 1971ರವರೆಗೆ ಕಾಯಬೇಕಾಯಿತು. ಆಕ್ಷೇಪದಲ್ಲಿ ಸತ್ಯ ಇರಲಿಲ್ಲ ಎಂದು ನಾನು ಹೇಳಲಾರೆ. ಎರಡು ಕೀಲಿಗಳ ನಡುವಿನ ಸ್ವರ ಹಾರ್ಮೋನಿಯಮ್ಮಿಗೆ ಸಿಗುವುದಿಲ್ಲ, ಅದು ಖರೆ. ಆದರೂ ಮಾಸ್ತರರು ನುಡಿಸುವಾಗ ಆ ಕೊರತೆ ಎಲ್ಲಿ ಹೋಗುತ್ತಿತ್ತು? 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರನ್ನೂ ಡ್ರಮ್ ಯಂತ್ರವನ್ನೂ ನಿಷೇಧಿಸಬೇಕೆಂದು ಠರಾವು ಮಾಡಿತ್ತು. ವಾದ್ಯವೃಂದದವರ ಅನ್ನ ಹೋಗುತ್ತದೆ ಎಂಬ ಭಯ ಅವರದು. ಕೈಮಗ್ಗದವರು ಪಾವರ್‌ಲೂಮ್ ಕಂಡು ಪಟ್ಟ ಭಯವೇ ಅದು, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ 1982ರಲ್ಲಿ ನಮ್ಮ ಮುಂಬಯಿಯಲ್ಲಿ, ಸಿನಿಮಾ ಸಂಗೀತದ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಭೈರವ, ತೋಡಿ, ಯಮನ್, ಮಾಲಕಂಸ್, ಹೀಗೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ತಟ್ಟೆ ಮಾಡಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಷಿಕಾಗೋದ ಹುಡುಗರು ಆ ಮೂರರಲ್ಲಿ ಒಂದು ಯಂತ್ರದಿಂದ ಆ್ಯಸಿಡ್ ಹೌಸ್ ಎಂಬ ಹೊಸ ನಾದ ತೆಗೆಯುವುದಕ್ಕೆ ಐದು ವರ್ಷ ಮೊದಲೇ ಅದಕ್ಕೆ ಹತ್ತಿರದ ನಾದ ಮುಂಬಯಿಯಲ್ಲಿ ಬಂದು ಹೋಗಿತ್ತು. ಚರಣಜಿತ್ ಅವರು 2015ರಲ್ಲಿ ತೀರಿಕೊಂಡರು. ಕೊನೆಯ ಐದು ವರ್ಷವಾದರೂ ಅವರಿಗೆ ಆ ಗೌರವ ಕಂಡಿತಲ್ಲ ಎಂದು ನನಗೆ ಸಮಾಧಾನ.

ಇಷ್ಟು ಹೇಳಿದ ಮೇಲೆ ನಾನು ನಿಜವಾಗಿ ಹೇಳಲು ಬಂದ ಮಾತಿಗೆ ಬರುತ್ತೇನೆ.

ಕಟ್ ಕಾಪಿಯ ಹಾಡುಗಳು ಕುಣಿಸುತ್ತವೆ ಎಂದೆ. ಅವುಗಳ ಮಾತು ಕೇಳಿದರೆ ಹೆಚ್ಚಿನವು ಅಗಲಿಕೆಯ ಮಾತು. ಬಿಟ್ಟುಹೋದವರು, ಬಾರದೆ ಉಳಿದವರು, ಕತ್ತಲಲ್ಲಿ ಒಬ್ಬರೇ ಕಾಯುವವರು. 'ಬ್ಲೂ ಮಂಡೇ'ಯೂ ನೋವಿನ ಹಾಡೇ. ಗೆಳೆಯನನ್ನು ಕಳೆದುಕೊಂಡ ಮೂವರು, ಮೂರು ವರ್ಷ ಕಳೆಯುವ ಮುಂಚೆ, ಇಡೀ ಜಗತ್ತನ್ನು ಕುಣಿಸುವ ಹಾಡು ಮಾಡಿದರು. ಅಳುವ ಮಾತಿಗೆ ಕುಣಿಯುವ ತಾಳ ಹೇಗೆ ಹಾಕಿದರು ಎಂದು ನನ್ನ ಗೆಳತಿಯರು ಕೇಳುತ್ತಿದ್ದರು. ನನಗೆ ಅದು ಪ್ರಶ್ನೆ ಅನ್ನಿಸಲೇ ಇಲ್ಲ. ನಾನು ಮೊಹರಮ್ ನೋಡಿ ಬೆಳೆದವಳು.

ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಅಲಾಯಿ ಹಬ್ಬ ಹೇಗೆ ನಡೆಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಕರ್ಬಲದಲ್ಲಿ 680ನೇ ಇಸವಿಯಲ್ಲಿ ಮಡಿದವರ ದುಃಖ ಅದು. ಆ ದುಃಖವನ್ನು ನಮ್ಮ ಜನ, ಯಾವ ಜಾತಿಯವರೂ ಹಿಂದೆ ಉಳಿಯದೆ, ಕನ್ನಡದ ರಿವಾಯತ್ ಪದ ಕಟ್ಟಿ ಹಾಡುತ್ತಾರೆ. ಹಾಡುತ್ತ ಹೆಜ್ಜೆ ಹಾಕುತ್ತಾರೆ. ನನ್ನ ಅವ್ವನ ತವರೂರಲ್ಲಿ ಮಾವ ಹೆಜ್ಜೆ ಮೇಳದಲ್ಲಿದ್ದ. ಕಾಲಿಗೆ ಗೆಜ್ಜೆ, ಕೈಯಲ್ಲಿ ವಸ್ತ್ರ. ಹಲಿಗೆಯ ಪೆಟ್ಟು ಒಂದೇ ಸಮನೆ. ಪದದಲ್ಲಿ ನೀರಿಲ್ಲದೆ ಬಾಯಾರಿದ ಮಕ್ಕಳ ಕತೆ ಬರುತ್ತಿತ್ತು, ತಾಯಂದಿರ ಅಳು ಬರುತ್ತಿತ್ತು. ಕೇಳುತ್ತ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಾವನ ಕಣ್ಣಲ್ಲೂ ನೀರು. ಹೆಜ್ಜೆ ಮಾತ್ರ ತಪ್ಪುತ್ತಿರಲಿಲ್ಲ. ಚಿಕ್ಕವಳಿದ್ದಾಗ ಕೇಳಿದೆ, "ಮಾವಾ, ಅಳಾಕತ್ತೀದಿ, ಮತ್ತ ಯಾಕ ಕುಣಿತಿ?" ಎಂದು. ಮಾವ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಕುಣೀಲಿಲ್ಲಂದ್ರ ಇಷ್ಟೊತ್ತನ ಅಳಾಕ ಆಗ್ತೈತೇನ ಹುಚ್ಚಿ?"

ಮೆಲ್ಬರ್ನಿನ ಹುಡುಗರಿಗೆ ಅಲಾಯಿ ಹಬ್ಬ ಗೊತ್ತಿಲ್ಲ, ನಮ್ಮ ಮಾವನಿಗೆ ಸಿಂಥಸೈಜರ್ ಗೊತ್ತಿಲ್ಲ. ಎರಡೂ ಕಡೆ ತಾಳ ಮಾಡುವ ಕೆಲಸ ಒಂದೇ. ಬಡಿತ ಬದಲಾಗದೆ ನಿಂತಾಗ ದನಿಗೆ ಒರಗಲು ಗೋಡೆ ಸಿಗುತ್ತದೆ. ಅಪ್ಪ ಎಳೆ ಹರಿದದ್ದನ್ನು ಕೇಳಿಸಿಕೊಳ್ಳುತ್ತಿದ್ದ ಎಂದೆನಲ್ಲ, ಈ ಹಾಡುಗಳಲ್ಲಿ ನಾನು ಕೇಳಿಸಿಕೊಳ್ಳುವುದು ಅದನ್ನೇ. ಯಂತ್ರ ಅಷ್ಟು ಸಮನಾಗಿ ಓಡುತ್ತಿರುವುದರಿಂದ ವಿಟ್‌ಫರ್ಡ್ ಅವರ ದನಿ ಒಂದು ಕಡೆ ಸಣ್ಣಗೆ ನಡುಗಿದರೂ ಅದು ಎದ್ದು ಕಾಣುತ್ತದೆ. ಅವರು ದೊಡ್ಡ ಗಾಯಕರಲ್ಲ. ದೊಡ್ಡ ಕಂಠ ಇದ್ದಿದ್ದರೆ ಈ ಹಾಡುಗಳು ಕೆಡುತ್ತಿದ್ದವು ಎಂದು ನನ್ನ ಅಭಿಪ್ರಾಯ.

ಇಂಥ ಹಾಡುಗಳಲ್ಲಿ ನಡುವೆ ಒಂದು ಜಾಗ ಬರುತ್ತದೆ. ಡ್ರಮ್ಮು ಪೂರ್ತಿ ನಿಂತುಬಿಡುತ್ತದೆ. ಒಂದು ಸಿಂಥ್ ಸ್ವರ ಮಾತ್ರ ತೇಲುತ್ತಿರುತ್ತದೆ, ದನಿ ಒಂಟಿಯಾಗುತ್ತದೆ. ಕುಣಿಯುತ್ತಿದ್ದವರೆಲ್ಲ ನಿಂತು ಕಾಯುತ್ತಾರೆ. ಆಮೇಲೆ ಬಡಿತ ಮರಳಿ ಬರುತ್ತದೆ, ಜನ ಕೂಗುತ್ತಾರೆ. ಬನಹಟ್ಟಿಯ ಓಣಿಯಲ್ಲಿ ಕರೆಂಟ್ ಹೋಗಿ ಬರುವುದನ್ನು ನೋಡಿದವರಿಗೆ ಆ ಗಳಿಗೆ ಗೊತ್ತು. ಒಮ್ಮೆಲೇ ಎಲ್ಲ ಮಗ್ಗ ಸ್ತಬ್ಧ. ಗಿಡದ ಮೇಲಿನ ಕಾಗೆ ಕೂಗಿದ್ದು ಕೇಳುತ್ತದೆ, ಪಕ್ಕದ ಮನೆಯ ಕೂಸು ಅತ್ತದ್ದು ಕೇಳುತ್ತದೆ. ಎಲ್ಲರೂ ಹೊರಗೆ ಕಟ್ಟೆಗೆ ಬಂದು ಕೂಡುತ್ತಾರೆ, ಚಹಾ ಬರುತ್ತದೆ. ಕರೆಂಟ್ ಬಂತೆಂದರೆ ಓಣಿಯ ಮಕ್ಕಳೆಲ್ಲ "ಬಂತೋ" ಎಂದು ಚೀರುತ್ತಾರೆ, ಒಂದರ ಹಿಂದೆ ಒಂದು ಮಗ್ಗ ಎದ್ದು ಓಡತೊಡಗುತ್ತದೆ.

2020ರ ಲಾಕ್‌ಡೌನಿನಲ್ಲಿ ಆ ನಿಶ್ಶಬ್ದ ತಿಂಗಳುಗಟ್ಟಲೆ ಉಳಿಯಿತು. ನೇಯ್ದ ಸೀರೆ ಮನೆಯಲ್ಲೇ ಒಟ್ಟಿ ಬಿದ್ದವು. ಅಪ್ಪ ನಾಲ್ಕರಲ್ಲಿ ಎರಡು ಮಗ್ಗ ಗುಜರಿಗೆ ಕೊಟ್ಟ. ಕೆಜಿ ಲೆಕ್ಕದಲ್ಲಿ ತೂಗಿ ಒಯ್ದರು. ಅದೇ ವರ್ಷ ಕಟ್ ಕಾಪಿಯ 'ಫ್ರೀಜ್, ಮೆಲ್ಟ್' ಆಲ್ಬಂ ಬಂದಿತ್ತು. ಅವರ ಆಲ್ಬಮುಗಳಲ್ಲೇ ಎಲ್ಲಕ್ಕಿಂತ ಮೆಲ್ಲಗಿನದು, ತಣ್ಣಗಿನದು. ನಾನು ಆಗ ಊರಲ್ಲೇ ಇದ್ದೆ. ಎರಡು ಮಗ್ಗ ಇದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಅಲ್ಲಿ ಚಾಪೆ ಹಾಸಿಕೊಂಡು ಆ ಆಲ್ಬಂ ಕೇಳುತ್ತಿದ್ದೆ.

ಮರುವರ್ಷ ಕೆಲಸ ಮತ್ತೆ ಶುರುವಾದಾಗ ಒಂದು ಸಂಜೆ ಅಪ್ಪ ಕೇಳಿದ, "ಏನ್ ಕೇಳಾಕತ್ತೀಯವ್ವಾ ಅಷ್ಟ್ ದಿನದಿಂದ?" ನಾನು ಫೋನನ್ನು ಸಣ್ಣ ಸ್ಪೀಕರಿಗೆ ಹಚ್ಚಿ ಮಗ್ಗದ ಪಕ್ಕದ ಕಿಟಕಿಯಲ್ಲಿಟ್ಟು 'ನೀಡ್ ಯು ನೌ' ಹಾಕಿದೆ. ಅಪ್ಪ ಒಂದು ಮಗ್ಗ ನಿಲ್ಲಿಸಿದ. ಇನ್ನೊಂದನ್ನೂ ನಿಲ್ಲಿಸಿದ. ನಿಂತುಕೊಂಡೇ ಕೇಳಿದ. ಹಾಡು ಅರ್ಧ ಆಗಿರಬೇಕು, ಏನೂ ಹೇಳದೆ ಒಂದನೇ ಮಗ್ಗದ ಸ್ವಿಚ್ ಒತ್ತಿದ. ಹಾಡು ಇಷ್ಟವಾಗಲಿಲ್ಲ, ಕೆಲಸಕ್ಕೆ ಹಚ್ಚಿದ ಎಂದು ನಾನು ಫೋನಿಗೆ ಕೈ ಹಾಕಿದೆ.

"ತಡಿ, ಇರಲಿ" ಎಂದ.

ಮಗ್ಗ ಒಂದು ವೇಗ, ಹಾಡು ಇನ್ನೊಂದು ವೇಗ. ಎರಡೂ ಬೇರೆ ಬೇರೆ ಓಡುತ್ತಿದ್ದವು. ನಾಲ್ಕೈದು ಸೆಕೆಂಡಿಗೊಮ್ಮೆ ಹಣಿಗೆಯ ಬಡಿತವೂ ಡ್ರಮ್ಮಿನ ಪೆಟ್ಟೂ ಒಂದೇ ಕಡೆ ಬೀಳುತ್ತಿದ್ದವು. ಅಪ್ಪ ಅದನ್ನು ಆಗಲೇ ಹಿಡಿದಿದ್ದ. ಬೆರಳೆತ್ತಿ, ಕಣ್ಣು ಮುಚ್ಚಿ, ಬೀಮಿಗೆ ಒರಗಿ ನಿಂತಿದ್ದ.

"ಈಗ ಕೂಡ್ತು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಹಾಂ, ಈಗ."